ಮಾನ್ಯ ದೂರುದಾರರ ವಿಲೇವಾರಿ

ನೀರು ಸರಬರಾಜು ಕಚೇರಿಯ ದೂರು ವಿಭಾಗದ ಹೆಡ್ ಗುಮಾಸ್ತರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಹಾಜರಿ ಪುಸ್ತಕದೊಳಗೇ ಉಳಿದುಹೋಗಿ, ಕಚೇರಿಯಲ್ಲಿ, ಬೀದಿಯಲ್ಲಿ, ಕೊನೆಗೆ ಹೆಂಡತಿಯ ತವರಿನಲ್ಲೂ ಅವರು ‘ಷರಾ’ ಎಂದೇ ಪ್ರಸಿದ್ಧರಾಗಿದ್ದರು. ಕೈಗೆ ಬಂದ ಯಾವ ಕಾಗದವನ್ನೂ ಅಂಚಿನಲ್ಲಿ ಒಂದು ಷರಾ ಬರೆಯದೆ ಅವರು ಮುಂದಕ್ಕೆ ಕಳಿಸಿದವರಲ್ಲ. ಮಗಳ ಅಂಕಪಟ್ಟಿಯ ಮೇಲೆ ‘ಪರಿಶೀಲಿಸಿದೆ, ಗಣಿತದ ಬಗ್ಗೆ ವಿವರಣೆ ಕೇಳತಕ್ಕದ್ದು’ ಎಂದು ಬರೆದಿದ್ದರು. ಪಕ್ಕದ ಮನೆಯವರು ಮದುವೆಗೆ ಕರೆದು ಕೊಟ್ಟ ಪತ್ರಿಕೆಯ ಮೇಲೆ ‘ನೋಡಿದೆ, ಅಭ್ಯಂತರವಿಲ್ಲ’ ಎಂದು ಬರೆದು ಸಹಿ ಹಾಕಿ, ಅವರಿಗೇ ವಾಪಸು ಕೊಟ್ಟಿದ್ದರು.

ಇಂಥವರನ್ನು ಎರಡು ದಿನದ ತರಬೇತಿಗೆ ಕಳಿಸಿದ್ದು ಸಾಹೇಬರ ಹಲ್ಲುನೋವು. ಕಚೇರಿಗೆ ಹೊಸದಾಗಿ ದೂರು ದಾಖಲಿಸುವ ಸಾಫ್ಟ್‌ವೇರ್ ಬರುವುದಿತ್ತು. ಅದನ್ನು ಕಟ್ಟುವುದಕ್ಕೆ ಮೊದಲು ನಾವು ಕೇಳುತ್ತಿರುವುದು ನಮಗೆ ನಿಜವಾಗಿ ಬೇಕಾದದ್ದೇ ಹೌದೋ ಅಲ್ಲವೋ ಎಂದು ಒರೆಹಚ್ಚಿ ನೋಡುವ ವಿದ್ಯೆಯನ್ನು ಯಾರಾದರೊಬ್ಬರು ಕಲಿತು ಬರಬೇಕೆಂದು ಮೇಲಿನಿಂದ ಆದೇಶವಾಗಿತ್ತು. ಸಾಹೇಬರು ದವಡೆ ಹಿಡಿದುಕೊಂಡು, “ನೀವೇ ಹೋಗಿಬನ್ರೀ” ಎಂದರು.

ಅಲ್ಲಿ ದಪ್ಪ ಕನ್ನಡಕದ ಮೇಡಂ ಒಬ್ಬರು ಎರಡು ದಿನವೂ ಒಂದೇ ಮಾತನ್ನು ಹತ್ತು ಬಗೆಯಲ್ಲಿ ಹೇಳಿದರು. ಕೇಳಬೇಕಾದವರನ್ನೇ ಕೇಳಿ, ಸಿಕ್ಕಿದವರನ್ನಲ್ಲ. ತಪ್ಪು ಹುಡುಕುವಾಗ ಹುಡುಕಿ, ತಿದ್ದುವಾಗ ತಿದ್ದಿ; ಎರಡನ್ನೂ ಒಂದೇ ಉಸಿರಲ್ಲಿ ಮಾಡಲು ಹೋಗಬೇಡಿ. ಒಬ್ಬರ ಕಣ್ಣು ಸಾಲದು. ಬರೆದದ್ದನ್ನು ಚಿತ್ರ ಮಾಡಿ ನೋಡಿ, ಆಡಿ ನೋಡಿ. ಒಂದು ಸಲ ನೋಡಿದೆವೆಂದು ಕೈ ತೊಳೆದುಕೊಳ್ಳಬೇಡಿ. ಷರಾ ಎಲ್ಲವನ್ನೂ ನೋಟ್‌ಪುಸ್ತಕದಲ್ಲಿ ಬರೆದುಕೊಂಡು, ಪ್ರತಿಯೊಂದರ ಮುಂದೆಯೂ ‘ಒಪ್ಪಿದೆ’ ಎಂದು ಷರಾ ಹಾಕಿದರು. ಕೊಟ್ಟ ಪ್ರಮಾಣಪತ್ರಕ್ಕೆ ಬಸ್ ನಿಲ್ದಾಣದ ಎದುರೇ ಕಟ್ಟು ಹಾಕಿಸಿಕೊಂಡು ಮನೆಗೆ ಬಂದರು.

ವಿದ್ಯೆಯ ಮೊದಲ ಪ್ರಯೋಗ ಹೆಂಡತಿಯ ಮೇಲೆ ನಡೆಯಿತು.

“ರೀ, ಅಡುಗೆಮನೆಗೆ ಒಂದು ಸ್ಟೂಲು ಬೇಕು,” ಎಂದರು ಆಕೆ.

“ಬೇಕು ಅಂದ್ರೆ? ಅದು ಅವಶ್ಯಕತೆಯೋ, ಅಭಿಲಾಷೆಯೋ?”

“ಮೇಲಿನ ಡಬ್ಬ ಕೈಗೆ ಎಟುಕಲ್ಲ, ಅದು ಅವಶ್ಯಕತೆ. ನಿಮ್ಮ ಬಾಯಿ ಸ್ವಲ್ಪ ಹೊತ್ತು ಮುಚ್ಚಿರಲಿ ಅನ್ನೋದು ಅಭಿಲಾಷೆ.”

ಷರಾ ಇದನ್ನೂ ಬರೆದುಕೊಂಡರು. ಸ್ಟೂಲಿನ ಎತ್ತರ, ಹತ್ತುವವರ ತೂಕ, ಹತ್ತುವ ಸಂದರ್ಭಗಳು ಎಂದು ಮೂರು ಪುಟ ತಯಾರಿಸಿ ಸಹಿಗೆ ತರುವ ಹೊತ್ತಿಗೆ ಆಕೆ ಪಕ್ಕದ ಮನೆಯಿಂದ ಸ್ಟೂಲು ತಂದು, ಡಬ್ಬ ಇಳಿಸಿ, ಸ್ಟೂಲು ವಾಪಸು ಕೊಟ್ಟು ಬಂದಿದ್ದರು.

ಕಚೇರಿಯಲ್ಲಿ ಅವರ ಪ್ರತಿಭೆಗೆ ಇನ್ನೂ ವಿಶಾಲವಾದ ಬಯಲಿತ್ತು. ಹದಿನೈದು ದಿನ ಕೂತು, ಸಾಫ್ಟ್‌ವೇರ್ ಏನೇನು ಮಾಡಬೇಕೆಂದು ನಲವತ್ತೆರಡು ಪುಟ ಬರೆದರು. ಅದನ್ನು ಹಿಡಿದುಕೊಂಡು ಮೇಜಿನಿಂದ ಮೇಜಿಗೆ ತಿರುಗಿ ಹನ್ನೊಂದು ಸಹಿ ಸಂಪಾದಿಸಿದರು. ಉಗ್ರಾಣದವರು ಮೊದಲ ಪುಟ ನೋಡಿ ಸಹಿ ಹಾಕಿದರು, ಬೆರಳಚ್ಚಿನವರು ಕೊನೆಯ ಪುಟ ನೋಡಿ ಹಾಕಿದರು, ಎಂಜಿನಿಯರು ಯಾವ ಪುಟವನ್ನೂ ನೋಡದೆ ಹಾಕಿದರು. ಸಾಹೇಬರ ಡ್ರೈವರ್ ಕೂಡ ಸಹಿ ಹಾಕಿದ. ಅವನಿಗೆ ಅದು ರಜೆ ಅರ್ಜಿಯಂತೆ ಕಂಡಿತ್ತು.

ಹದಿನೇಳು ವರ್ಷದಿಂದ ಊರಿನ ದೂರುಗಳನ್ನೆಲ್ಲ ಕಿವಿಯಲ್ಲಿ ತುಂಬಿಕೊಳ್ಳುತ್ತಿದ್ದ ಟೆಲಿಫೋನ್ ಅಕ್ಕ ಮಾತ್ರ, “ಸಾರ್, ನನಗೂ ಒಂದು ಪ್ರತಿ ಕೊಡಿ, ಓದ್ತೀನಿ” ಎಂದಳು.

“ಸಹಿ ಹಾಕೋ ದರ್ಜೆ ನಿಮ್ಮದಲ್ಲಮ್ಮ.”

“ಸಹಿ ಹಾಕಲ್ಲ ಸಾರ್. ಓದ್ತೀನಿ ಅಷ್ಟೇ.”

“ಸಹಿ ಹಾಕದವರು ಓದಿ ಏನು ಪ್ರಯೋಜನ?” ಎಂದು ಷರಾ ಮುಂದೆ ಹೋದರು. ನಲ್ಲಿ, ಪೈಪು ರಿಪೇರಿ ಮಾಡುವ ಫಿಟ್ಟರ್ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆಗೆದ. “ನೀನು ಬಳಕೆದಾರ ಕಣಯ್ಯ. ತಯಾರಾದ ಮೇಲೆ ಬಳಸು,” ಎಂದು ಅವನನ್ನೂ ದಾಟಿದರು.

ಕಂಪನಿಗೆ ಕಳಿಸುವ ದಿನ ಸಂಜೆ ನಾಲ್ಕೂವರೆಗೆ ಸಾಹೇಬರು ಪುಟ ತಿರುವಿ ಮುಖ ಸಿಂಡರಿಸಿದರು. “ಏನ್ರೀ ಇದು, ಪುಟಪುಟಕ್ಕೂ ದೂರನ್ನು, ದೂರನ್ನು! ನಮ್ಮ ಕಚೇರಿಗೇನು ಗ್ರಹಚಾರವೇ? ಸ್ವಲ್ಪ ಜನರಿಗೆ ಗೌರವ ಕೊಡೋ ಹಾಗೆ ಬರೀರಿ.”

ಷರಾಗೆ ಒಂದು ಉಪಾಯ ಹೊಳೆಯಿತು. ‘ದೂರನ್ನು’ ಎಂದು ಇರುವಲ್ಲೆಲ್ಲ ‘ಮಾನ್ಯ ದೂರುದಾರರನ್ನು’ ಎಂದು ಬದಲಿಸು ಅಂತ ಕಂಪ್ಯೂಟರಿಗೆ ಅಪ್ಪಣೆ ಕೊಟ್ಟರು. ಅರವತ್ತಮೂರು ಕಡೆ ಬದಲಿಸಿದ್ದೇನೆ ಎಂದು ಕಂಪ್ಯೂಟರು ವಿನಯದಿಂದ ಹೇಳಿತು. ಸಹಿ ಇದ್ದ ಕೊನೆಯ ಪುಟವನ್ನು ಹಾಗೇ ಇಟ್ಟು, ಉಳಿದ ನಲವತ್ತೊಂದನ್ನು ಹೊಸದಾಗಿ ಅಚ್ಚು ಹಾಕಿ ಸೇರಿಸಿ, ಐದು ಗಂಟೆಗೆ ಸರಿಯಾಗಿ ಲಕೋಟೆ ಅಂಟಿಸಿದರು.

ನಾಲ್ಕು ದಿನ ಬಿಟ್ಟು ಕಂಪನಿಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. “ಸಾರ್, ಒಂದು ಡೌಟು. ದೂರುದಾರರನ್ನೇ ವಿಲೇವಾರಿ ಮಾಡ್ಬೇಕಾ?”

“ಬರೆದಿದೆಯೇನಮ್ಮ?”

“ಬರೆದಿದೆ ಸಾರ್.”

“ಸಹಿ ಎಷ್ಟಿದೆ?”

“ಹನ್ನೊಂದು.”

“ಮತ್ತೆ? ಬರೆದಂತೆ ಮಾಡತಕ್ಕದ್ದು.”

ಹುಡುಗಿ ಬರೆದಂತೆಯೇ ಮಾಡಿದಳು.

ಎಲ್ಲ ತಯಾರಾದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸಾಹೇಬರು ಗುಂಡಿ ಒತ್ತಿ ಸಾಫ್ಟ್‌ವೇರ್ ಚಾಲೂ ಮಾಡಿದರು. ಬಾಕಿ ಇದ್ದ ಮುನ್ನೂರನಲವತ್ತು ದೂರುಗಳನ್ನು ಮೊದಲೇ ಅದರೊಳಗೆ ತುಂಬಲಾಗಿತ್ತು. ಮುನ್ನೂರನಲವತ್ತು ಮನೆಗಳಲ್ಲಿ ಮೊಬೈಲು ಒಟ್ಟಿಗೆ ಟಿಂಗ್ ಎಂದಿತು.

‘ನಮಸ್ಕಾರ. ಮಾನ್ಯ ದೂರುದಾರರಾದ ನಿಮ್ಮನ್ನು ಏಳು ದಿನದೊಳಗೆ ವಿಲೇವಾರಿ ಮಾಡಲಾಗುವುದು. ನಮ್ಮ ಸಿಬ್ಬಂದಿ ಸಲಕರಣೆಗಳೊಂದಿಗೆ ನಿಮ್ಮ ಮನೆಗೇ ಬರುತ್ತಾರೆ. ದಯವಿಟ್ಟು ಸಹಕರಿಸಿ. ಇಂತಿ, ಹೆಡ್ ಗುಮಾಸ್ತರು, ದೂರು ವಿಭಾಗ.’

ಒಂದೇ ಬೀದಿಯಿಂದ ಹೆಚ್ಚು ದೂರು ಬಂದಿದ್ದರೆ ಅವನ್ನೆಲ್ಲ ಕಂಪ್ಯೂಟರಿನ ಒಂದೇ ಗುಂಡಿ ಒತ್ತಿ ಮುಗಿಸುವ ಅನುಕೂಲವನ್ನೂ ಷರಾ ಕೇಳಿದ್ದರಲ್ಲ, ಅಂಥ ಬೀದಿಗಳಿಗೆ ಎರಡನೆಯ ಸಂದೇಶವೂ ಹೋಯಿತು: ‘ನಿಮ್ಮ ಬೀದಿಯ ಹದಿನಾಲ್ಕು ಮಾನ್ಯ ದೂರುದಾರರನ್ನು ಇಂದು ಒಂದೇ ಗುಂಡಿಯಲ್ಲಿ ಮುಚ್ಚಲಾಗುವುದು.’

ಆ ಹದಿನಾಲ್ಕು ಮನೆಯ ಬೀದಿಯಲ್ಲಿಯೇ ಷರಾ ಅವರ ಮಾವ ಇದ್ದರು. ನಿವೃತ್ತ ಗಣಿತದ ಮೇಷ್ಟ್ರು. ನಲ್ಲಿಯಲ್ಲಿ ಕೆಂಪು ನೀರು ಬರುತ್ತಿದೆ ಎಂದು ದೂರು ಕೊಟ್ಟಿದ್ದರು. ಅಳಿಯನ ಕಚೇರಿ ಎಂಬ ದಾಕ್ಷಿಣ್ಯಕ್ಕೆ ಒಂದೇ ಸಲ ಕೊಟ್ಟಿದ್ದರು. ಅವರು ಸಂದೇಶವನ್ನು ಮೂರು ಸಲ ಓದಿ ಕಿಟಕಿಯ ಪರದೆ ಸರಿಸಿದಾಗ ಫಿಟ್ಟರ್ ಗುದ್ದಲಿ, ಹಾರೆ ಹಿಡಿದು ಬೀದಿಯ ನಡುವೆ ಅಗೆಯುತ್ತಿದ್ದ. ಹದಿನಾಲ್ಕು ಮನೆಗೂ ಹೋಗುವ ಪೈಪು ಅಲ್ಲೇ ಕೆಳಗೆ ಸೋರುತ್ತಿದೆ ಎಂದು ಅವನ ಅನುಭವ ಹೇಳಿತ್ತು. ಅವನು ಬೆವರೊರೆಸಿಕೊಂಡು, “ಎಲ್ರೂ ಬಾಗಿಲು ತೆಗೀರಿ! ಒಬ್ಬೊಬ್ಬರದೇ ನೋಡ್ಕೊಂಡು ಬರ್ತೀನಿ! ಹದಿನಾಲ್ಕೂ ಇವತ್ತೇ ಮುಗಿಸ್ಬೇಕು!” ಎಂದು ಕೂಗಿದ.

ಹದಿನಾಲ್ಕು ಮನೆಗಳಲ್ಲೂ ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

ಮಾವನವರು ಕಿಟಕಿಯಿಂದಲೇ ಗುಂಡಿಯನ್ನು ಕಣ್ಣಳತೆ ಮಾಡಿದರು. “ಎಂಟಡಿ ಉದ್ದ, ನಾಲ್ಕಡಿ ಅಗಲ. ಹದಿನಾಲ್ಕು ಜನ ಹಿಡಿಸಲ್ಲ ಕಣೇ,” ಎಂದರು ಅತ್ತೆಯವರಿಗೆ.

“ಹಿಡಿಸದೇ ಇದ್ದವರನ್ನ ನಾಳೆ ಕರೀತಾರೇನೋ,” ಎಂದರು ಅತ್ತೆ.

ಇಂಥ ಸುಮುಹೂರ್ತದಲ್ಲಿ ಷರಾ ಅಲ್ಲಿಗೆ ಆಗಮಿಸಿದರು. ತಮ್ಮ ಕೃತಿಯನ್ನು ಜನ ಹೇಗೆ ಸ್ವೀಕರಿಸಿದ್ದಾರೆಂದು ಕಣ್ಣಾರೆ ನೋಡುವ ಆಸೆಯಿಂದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು.

“ಏನಯ್ಯಾ, ಎಷ್ಟು ಮುಗೀತು?” ಎಂದು ಗುಂಡಿಯ ಅಂಚಿನಲ್ಲಿ ನಿಂತು ಕೇಳಿದರು.

“ಒಂದೂ ಆಗಿಲ್ಲ ಸಾರ್. ಯಾರೂ ಬಾಗಿಲೇ ತೆಗೀತಿಲ್ಲ.”

“ಹಾಗಂತ ಯಾರನ್ನೂ ಬಿಡಬೇಡ. ನೋಡು, ಮೊದಲು ನಮ್ಮ ಮಾವನದು ಮುಗಿಸ್ಬಿಡು. ಎಷ್ಟು ದಿನದಿಂದ ಕಾಯ್ತಿದ್ದಾರೆ ಪಾಪ. ಆಮೇಲೆ ಅಲ್ಲಿ ಕೊನೇ ಮನೆ ಅಜ್ಜಿ.”

ಮಾವನವರ ಕಿಟಕಿಯ ಪರದೆ ಫಕ್ಕನೆ ಮುಚ್ಚಿತು.

ಹತ್ತು ನಿಮಿಷದಲ್ಲಿ ಪೊಲೀಸ್ ಜೀಪು ಬಂತು. ಬೀದಿಯವರೆಲ್ಲ ಫೋನ್ ಮಾಡಿದ್ದರು ಎಂಬುದು ಒಂದು ಕಾರಣ. ಕೊನೇ ಮನೆಯ ಅಜ್ಜಿ ಇನ್‌ಸ್ಪೆಕ್ಟರರ ಸ್ವಂತ ತಾಯಿ ಎಂಬುದು ಮುಖ್ಯ ಕಾರಣ.

“ಯಾರಯ್ಯ ಇಲ್ಲಿ ವಿಲೇವಾರಿ ಮಾಡೋನು?” ಎಂದರು ಇನ್‌ಸ್ಪೆಕ್ಟರು.

“ನಾನೇ ಸಾರ್,” ಎಂದು ಷರಾ ಹೆಮ್ಮೆಯಿಂದ ಮುಂದೆ ಬಂದರು. “ದೂರು ವಿಭಾಗದ ಹೆಡ್.”

“ನಮ್ಮಮ್ಮನ್ನ ಏಳು ದಿನದಲ್ಲಿ ಮುಗಿಸ್ತೀರಾ?”

“ಏಳು ದಿನ ಯಾಕೆ ಸಾರ್, ನಿಮ್ಮವರು ಅಂತ ಗೊತ್ತಿದ್ರೆ ನಿನ್ನೇನೇ ಮುಗಿಸ್ತಿದ್ದೆ!”

ಇನ್‌ಸ್ಪೆಕ್ಟರರ ಮುಖ ಯಾವ ಬಣ್ಣಕ್ಕೆ ತಿರುಗಿತೆಂದು ಷರಾ ಅವರಿಗೆ ಆಮೇಲೂ ವರ್ಣಿಸಲಾಗಲಿಲ್ಲ. ಇಡೀ ಬೀದಿಯಲ್ಲಿ ಹೆದರದೆ ಬಾಗಿಲು ತೆರೆದು ಬಂದವರು ಅಜ್ಜಿ ಒಬ್ಬರೇ. “ಶುಕ್ರವಾರ ನನಗೆ ಕಣ್ಣಿನ ಡಾಕ್ಟರ ಹತ್ರ ಹೋಗೋದಿದೆಯಪ್ಪ. ಅದೊಂದು ಆದ ಮೇಲೆ ಬನ್ನಿ,” ಎಂದರು.

ಇನ್‌ಸ್ಪೆಕ್ಟರು ಮೊಬೈಲನ್ನು ಷರಾ ಅವರ ಮೂಗಿಗೆ ಹಿಡಿದರು. ಷರಾ ಓದಿದರು. “ವ್ಯಾಕರಣ ಸರಿಯಾಗಿಯೇ ಇದೆಯಲ್ಲ ಸಾರ್,” ಎಂದರು. ಇನ್ನೊಮ್ಮೆ ಓದಿದರು. ಮೂರನೆಯ ಸಲ ಓದುವಾಗ ಅವರ ಕಣ್ಣು ಮೊಬೈಲಿನಿಂದ ಗುಂಡಿಗೆ, ಗುಂಡಿಯಿಂದ ಫಿಟ್ಟರನ ಹಾರೆಗೆ, ಹಾರೆಯಿಂದ ಮಾವನವರ ಮುಚ್ಚಿದ ಕಿಟಕಿಗೆ ಹೋಯಿತು. ಇಸ್ತ್ರಿ ಅಂಗಿಯ ಬೆನ್ನು ಒದ್ದೆಯಾಯಿತು.

ಠಾಣೆಯಲ್ಲಿ ಎರಡು ಗಂಟೆ ವಿವರಣೆ ಕೊಟ್ಟ ಮೇಲೆ ಇನ್‌ಸ್ಪೆಕ್ಟರಿಗೆ ನಗು ಬಂದು, ಬೀದಿಯವರು ಬರೆದುಕೊಟ್ಟ ದೂರನ್ನು ಓದಿ ನೋಡಲು ಷರಾ ಕೈಗೇ ಕೊಟ್ಟರು. ಷರಾ ಅಭ್ಯಾಸಬಲದಿಂದ ಅಂಚಿನಲ್ಲಿ ‘ವಿಲೇವಾರಿ ಮಾಡಬಹುದು’ ಎಂದು ಬರೆದು ಸಹಿ ಹಾಕಿಬಿಟ್ಟರು. ಅವರು ಅಲ್ಲಿಂದ ಹೊರಬರಲು ಮತ್ತೊಂದು ಗಂಟೆ ಹಿಡಿಯಿತು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. “ಅಪ್ಪನದು ಮೊದಲು ಮುಗಿಸು ಅಂದ್ರಂತೆ?”

“ನಲ್ಲಿ ಕಣೇ! ನಲ್ಲಿ ಮುಗಿಸು ಅಂದದ್ದು!”

“ಗುಂಡಿ ಅಂಚಲ್ಲಿ ನಿಂತ್ಕೊಂಡು ಅಂದ್ರಂತೆ?”

ಷರಾ ಪಕ್ಕಕ್ಕೆ ಸರಿದು ಒಳಗೆ ಹೋದರು. ಮಾವನವರು ಒಳಗೆ ಸೋಫಾದಲ್ಲಿ ಕೂತಿದ್ದರು. ಷರಾ ನೀರು ತಂದುಕೊಟ್ಟರೆ, “ಮೊದಲು ನೀವು ಕುಡೀರಿ ಅಳಿಯಂದ್ರೇ,” ಎಂದರು.

ಮರುದಿನ ಬೆಳಿಗ್ಗೆಯೇ ಷರಾ ಓಡಿಹೋಗಿ, ಎಲ್ಲ ನಿಲ್ಲಿಸಬೇಕು, ಸಂದೇಶ ತಿದ್ದಬೇಕು ಎಂದು ಸಾಹೇಬರಿಗೆ ಹೇಳಿದರು. ಸಾಹೇಬರು ಕುರ್ಚಿಯಿಂದ ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡರು.

“ತಿದ್ದೋದಾ? ಹುಚ್ಚೇನ್ರೀ ನಿಮಗೆ? ನಿನ್ನೆ ಮಧ್ಯಾಹ್ನದಿಂದ ಒಂದೇ ಒಂದು ದೂರು ಬಂದಿಲ್ಲ! ಈ ಕಚೇರಿ ಹುಟ್ಟಿದಾಗಿನಿಂದ ಇಂಥ ದಿನ ಬಂದಿಲ್ಲ! ಮೇಲಿನವರು ಫೋನ್ ಮಾಡಿ ಹೊಗಳಿದರು. ಬೇರೆ ಕಚೇರಿಯವರೂ ಕೇಳ್ತಿದ್ದಾರೆ.”

“ಸಾರ್, ಜನ ಹೆದರಿಕೊಂಡು...”

“ಹೆದರಿಕೊಂಡೋ, ತೃಪ್ತಿಯಾಗಿಯೋ, ಲೆಕ್ಕ ಸೊನ್ನೆ. ನಿಮ್ಮ ಹೆಸರು ಪ್ರಶಸ್ತಿಗೆ ಕಳಿಸ್ತಿದ್ದೀನಿ.”

ಇಲ್ಲಿ ಷರಾ ಎಡವಿದರು. ನಿಜ ಹೇಳಬೇಕೆಂದರೆ ಎಡವಲಿಲ್ಲ, ನೋಡಿಕೊಂಡೇ ಹೆಜ್ಜೆ ಇಟ್ಟರು. ಪ್ರಶಸ್ತಿ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಮಾವ, ಗುಂಡಿ, ಠಾಣೆ ಎಲ್ಲವೂ ಬಹಳ ಹಿಂದೆ ನಡೆದ ಸಂಗತಿಯಂತೆ ಕಾಣತೊಡಗಿತು. ಸುಮ್ಮನೆ ತಮ್ಮ ಮೇಜಿಗೆ ಬಂದು ಕೂತರು.

ಶುಕ್ರವಾರ ಟೆಲಿಫೋನ್ ಅಕ್ಕ ಅವರ ಮುಂದೆ ಬಂದು ನಿಂತಳು. ಫೋನ್ ಬಿಟ್ಟು ಅವಳು ಎದ್ದು ಬಂದದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

“ಸಾರ್, ನಾಲ್ಕು ದಿನದಿಂದ ಫೋನೇ ಬಂದಿಲ್ಲ. ಎಲ್ಲೋ ದೊಡ್ಡದಾಗಿ ಒಡೆದಿದೆ.”

“ಫೋನ್ ಬಂದಿಲ್ಲ ಅಂದ್ರೆ ಏನೂ ಒಡೆದಿಲ್ಲ ಅಂತ ತಾನೇ?”

“ಹದಿನೇಳು ವರ್ಷದಲ್ಲಿ ಪೈಪು ಒಡೀದೇ ಇರೋ ದಿನವನ್ನ ನಾನು ನೋಡಿಲ್ಲ ಸಾರ್. ಪೈಪು ಒಡೀತಾನೇ ಇರುತ್ತೆ. ಹೇಳೋರು ನಿಂತಿದ್ದಾರೆ.”

ಷರಾ ಫಿಟ್ಟರನನ್ನು ಕರೆದುಕೊಂಡು ಸ್ಕೂಟರ್ ಹತ್ತಿದರು. ಅಕ್ಕ ಹೇಳಿದ್ದು ನಿಜವಾಗಿತ್ತು. ಔಷಧಿ ಅಂಗಡಿಯ ಎದುರು ದೊಡ್ಡ ಪೈಪು ಒಡೆದು ನೀರು ಆಳೆತ್ತರ ಚಿಮ್ಮುತ್ತಿತ್ತು. ಜನ ಕೊಡೆ ಹಿಡಿದು ಅದನ್ನು ಬಳಸಿ, ತಾವೇನೂ ನೋಡಿಲ್ಲವೆಂಬಂತೆ ಓಡಾಡುತ್ತಿದ್ದರು. ಷರಾ ಅಂಗಡಿಯವನನ್ನು ಕೇಳಿದರು, “ಯಾವಾಗಿನಿಂದ ಹೀಗೆ?”

“ಏನು ಹೀಗೆ?” ಎಂದ ಅವನು, ಮುಖಕ್ಕೆ ಬಿದ್ದ ಹನಿಗಳನ್ನು ಒರೆಸಿಕೊಳ್ಳುತ್ತಾ. “ನಾನು ಯಾವ ದೂರೂ ಕೊಟ್ಟಿಲ್ಲಪ್ಪ. ನನಗೆ ಇಬ್ಬರು ಮಕ್ಕಳಿದ್ದಾರೆ.”

ಹಿಂದಿನ ರಸ್ತೆಯ ಹೆರಿಗೆ ಆಸ್ಪತ್ರೆಯಲ್ಲಿ ನರ್ಸುಗಳು ಮೂರನೆಯ ಮಹಡಿಗೆ ಬಕೆಟ್‌ನಲ್ಲಿ ನೀರು ಹೊರುತ್ತಿದ್ದರು. ಎರಡು ದಿನದಿಂದ ಒಂದು ತೊಟ್ಟೂ ಬಂದಿರಲಿಲ್ಲ. ಮೆಟ್ಟಿಲಲ್ಲಿ ಒಬ್ಬ ನರ್ಸ್ ಷರಾ ಅವರನ್ನು ಗುರುತು ಹಿಡಿದು, ಬಕೆಟ್ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ತಮ್ಮನ್ನು ನೋಡಿ ಯಾರೂ ಹೀಗೆ ಹಿಂದೆ ಸರಿದದ್ದನ್ನು ಷರಾ ಅದುವರೆಗೆ ಕಂಡಿರಲಿಲ್ಲ. ಅವರು ಆ ಬಕೆಟ್ ಎತ್ತಿಕೊಂಡು ಮೂರು ಮಹಡಿ ಹತ್ತಿದರು. ಇಳಿದು ಬಂದು ಇನ್ನೊಂದು ಹೊತ್ತರು. ಹನ್ನೊಂದು ಬಕೆಟ್ ಆದ ಮೇಲೆ ಫಿಟ್ಟರ್ ಬಂದು, “ಸಾರ್, ಪೈಪು ಕಟ್ಟಿದ್ದಾಯ್ತು, ಸಾಕು ಇಳೀರಿ” ಎಂದ.

ಕಚೇರಿಗೆ ವಾಪಸು ಬಂದರೆ ಸಾಹೇಬರು ಎರಡೂ ಕಿವಿಯಲ್ಲಿ ಒಣಗಿದ ಸೋಪಿನ ನೊರೆ ಇಟ್ಟುಕೊಂಡು ಕೂತಿದ್ದರು. ಸ್ನಾನದ ಮಧ್ಯೆ ನಲ್ಲಿ ನಿಂತಿತ್ತು. ಒಂದು ಕಣ್ಣು ಮುಚ್ಚಿಕೊಂಡೇ ಮೊಬೈಲಿನಲ್ಲಿ ದೂರು ದಾಖಲಿಸಿದ್ದರು. ಸಿಟ್ಟಿಗೆ ಎರಡು ಸಲ ದಾಖಲಿಸಿದ್ದರು. ಉತ್ತರ ಬಂದಿತ್ತು: ‘ಎರಡು ಸಲ ಬಂದಿರುವ ಮಾನ್ಯ ದೂರುದಾರರನ್ನು ಅಳಿಸಿಹಾಕಲಾಗಿದೆ.’ ಒಳಗಿಂದ ಚಾಚಿದ ಮೊಬೈಲನ್ನು ಹಿಡಿದು ಅದನ್ನು ಸಾಹೇಬರ ಹೆಂಡತಿ ಬಾತ್‌ರೂಮಿನ ಬಾಗಿಲಾಚೆ ನಿಂತು ಗಟ್ಟಿಯಾಗಿ ಓದಿ ಹೇಳಿದ್ದರು.

ತಕ್ಷಣ ಸಭೆ ಕರೆಯಲಾಯಿತು. ಸಹಿ ಹಾಕಿದ ಹನ್ನೊಂದು ಜನರೂ ಬಂದರು. ಉಗ್ರಾಣದವರು, ಬೆರಳಚ್ಚಿನವರು ಹಾಕಿದ್ದರೆಂದು ತಾವು ಹಾಕಿದ್ದು ಎಂದರು. ಬೆರಳಚ್ಚಿನವರು, ಎಂಜಿನಿಯರು ಹಾಕಿದ್ದರೆಂದು ಹಾಕಿದ್ದು ಎಂದರು. ಡ್ರೈವರ್, “ಹಾಗಾದ್ರೆ ನನಗೆ ರಜೆ ಇಲ್ವಾ?” ಎಂದ.

“ಯಾರ್ರೀ ಇದಕ್ಕೆ ಹೊಣೆ?” ಎಂದು ಸಾಹೇಬರು ಮೇಜು ಗುದ್ದಿದರು. ಕಿವಿಯಿಂದ ಸೋಪಿನ ಹೊಟ್ಟು ಉದುರಿತು.

“ನಾನು ಸಾರ್,” ಎಂದರು ಷರಾ. “ಓದದವರ ಸಹಿ ತಗೊಂಡೆ, ಓದ್ತೀನಿ ಅಂದವರಿಗೆ ಕೊಡಲಿಲ್ಲ. ಕೊನೇ ಗಳಿಗೆಯಲ್ಲಿ ತಿದ್ದಿ, ತಿದ್ದಿದ್ದನ್ನ ಒಬ್ಬರಿಗೂ ತೋರಿಸಲಿಲ್ಲ. ಆಮೇಲೆ ಗೊತ್ತಾದರೂ ಸುಮ್ಮನಿದ್ದೆ. ಪ್ರಶಸ್ತಿ ಬೇಡ. ಹತ್ತು ದಿನ ಕೊಡಿ.”

ಇಷ್ಟು ಸ್ಪಷ್ಟವಾದ ವಾಕ್ಯಗಳನ್ನು ಅವರು ಅದುವರೆಗೆ ಬರೆದಿರಲಿಲ್ಲ.

ಆ ಹತ್ತು ದಿನ ದೂರು ವಿಭಾಗದಲ್ಲಿ ನಡೆದದ್ದನ್ನು ನೋಡಿದವರು ನಾಟಕದ ತಾಲೀಮು ಎಂದುಕೊಂಡರು. ಟೆಲಿಫೋನ್ ಅಕ್ಕ, ಫಿಟ್ಟರ್, ಇನ್‌ಸ್ಪೆಕ್ಟರರ ತಾಯಿ, ಕಂಪನಿಯ ಹುಡುಗಿ ಒಂದು ಮೇಜಿನ ಸುತ್ತ ಕೂತರು. ಮಾವನವರು ಬಹಳ ಬಿಗುಮಾನ ಮಾಡಿ, ಬಾಗಿಲಿಗೆ ಹತ್ತಿರವಾದ ಕುರ್ಚಿ ಸಿಕ್ಕಿದ ಮೇಲೆ ಒಪ್ಪಿ ಬಂದರು. ಅಕ್ಕ ಆ ನಲವತ್ತೆರಡು ಪುಟಗಳನ್ನು ಒಂದೊಂದೇ ಸಾಲು ಗಟ್ಟಿಯಾಗಿ ಓದುವುದು, ಯಾರಿಗೆ ಎಲ್ಲಿ ಚುಚ್ಚಿದರೂ ಅಲ್ಲಿ ಕೆಂಪು ಗುರುತು ಹಾಕುವುದು. ಆ ದಿನ ತಿದ್ದುವ ಹಾಗಿಲ್ಲ. ಷರಾ ಅವರ ಬೆರಳುಗಳು ಪೆನ್ನಿಗಾಗಿ ತಹತಹಿಸುತ್ತಿದ್ದುದರಿಂದ ಅವರು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ಮೊದಲ ದಿನವೇ ನೂರಹನ್ನೆರಡು ಗುರುತುಗಳಾದವು.

ಆಮೇಲೆ ಹುಡುಗಿ ಹಳೆಯ ರಟ್ಟಿನ ಮೇಲೆ ಮೊಬೈಲಿನ ಪರದೆ ಬರೆದುಕೊಟ್ಟಳು. ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ದೂರು ಕೊಡಬೇಕು, ಫಿಟ್ಟರ್ ರಿಪೇರಿಗೆ ಹೋಗಬೇಕು.

“ವಾರ್ಡ್ ಸಂಖ್ಯೆ ಕೇಳ್ತಿದೆ. ನನಗೇನು ಗೊತ್ತು?” ಎಂದರು ಅಜ್ಜಿ.

“ಯಾರಿಗೂ ಗೊತ್ತಿರಲ್ಲ,” ಎಂದಳು ಅಕ್ಕ. “ಎಲ್ಲರೂ ಅಂಗಡಿ ಗುರುತು ಹೇಳ್ತಾರೆ. ನಾನೇ ವಾರ್ಡ್ ಬರ್ಕೊಳ್ತೀನಿ.”

“ನನಗೆ ಬೀದಿ ಹೆಸರು ಬಂದ್ರೆ ಸಾಲದು, ಯಾವಾಗ ಮನೇಲಿರ್ತಾರೆ ಅಂತಾನೂ ಬೇಕು. ಬೀಗ ಹಾಕಿದ ಮನೆಗೆ ಹೋಗಿಹೋಗಿ ಸಾಕಾಗಿದೆ,” ಎಂದ ಫಿಟ್ಟರ್.

ಷರಾ ತಡೆಯಲಾರದೆ, “ಹಾಗಾದ್ರೆ ವಿಲೇವಾರಿಯ ದಿನಾಂಕ ಎಲ್ಲಿ ಹಾಕೋಣ?” ಎಂದರು.

ಮಾವನವರು ಮೊದಲ ಬಾರಿಗೆ ಬಾಯಿ ತೆರೆದರು. “ಅಳಿಯಂದ್ರೇ, ನಿಮ್ಮ ವಿಲೇವಾರಿ ಯಾರಿಗೆ ಬೇಕು? ನೀರು ಎಷ್ಟು ಗಂಟೆಗೆ ಬರುತ್ತೆ ಅಂತ ಹೇಳಿ. ಬಕೆಟ್ ಇಟ್ಕೊಂಡು ಕಾಯ್ತೀವಿ.”

ನಲವತ್ತೆರಡು ಪುಟಗಳಲ್ಲಿ ‘ನೀರು’ ಎಂಬ ಶಬ್ದ ಕಚೇರಿಯ ಹೆಸರನ್ನು ಬಿಟ್ಟರೆ ಎಲ್ಲೂ ಇಲ್ಲ ಎಂಬುದನ್ನು ಹುಡುಗಿ ಅಲ್ಲೇ ಹುಡುಕಿ ತೋರಿಸಿದಳು. ಹೊಸದು ಬರೆದಾಗ ಒಂಬತ್ತು ಪುಟವಾಯಿತು. ಅದನ್ನು ಮತ್ತೆ ಓದಿಸಿದರು, ಮತ್ತೆ ಗುರುತು ಬಿತ್ತು. ತಿದ್ದಿ ಮತ್ತೆ ಓದಿಸಿದರು. ನಾಲ್ಕನೆಯ ಸಲಕ್ಕೆ ಅಜ್ಜಿ, “ಇನ್ನು ಸಾಕು, ನನಗೂ ಅರ್ಥವಾಗ್ತಿದೆ,” ಎಂದರು.

ಹೊಸ ಸಾಫ್ಟ್‌ವೇರ್ ಚಾಲೂ ಆದ ದಿನ ಎಲ್ಲರಿಗೂ ಒಂದು ಸಂದೇಶ ಹೋಯಿತು: ‘ಹಿಂದೆ ಕಳಿಸಿದ್ದು ನಮ್ಮ ತಪ್ಪು. ಕ್ಷಮಿಸಿ. ನಿಮ್ಮಲ್ಲಿ ನೀರಿನ ತೊಂದರೆ ಇದ್ದರೆ ಹೇಳಿ. ಯಾವಾಗ ಬರುತ್ತೇವೆಂದು ಹೇಳುತ್ತೇವೆ.’

ಮಧ್ಯಾಹ್ನ ಸಾಹೇಬರು ಉಸಿರು ಕಟ್ಟಿಕೊಂಡು ದೂರು ವಿಭಾಗಕ್ಕೆ ನುಗ್ಗಿದರು. “ಏನ್ರೀ ಇದು ಅನಾಹುತ! ಸೊನ್ನೆ ಇತ್ತು, ಈಗ ನಾನೂರ ಹನ್ನೆರಡು! ಒಂದೇ ದಿನಕ್ಕೆ ನಾನೂರ ಹನ್ನೆರಡು ದೂರು! ಮೇಲಿನವರಿಗೆ ಏನಂತ ಹೇಳಲಿ?”

ಅಕ್ಕನ ಎರಡೂ ಕಿವಿಗೆ ಒಂದೊಂದು ಫೋನು ಅಂಟಿತ್ತು. ಮೂರನೆಯದು ಬಡಿದುಕೊಳ್ಳುತ್ತಿತ್ತು. ಷರಾ ಅದನ್ನು ಎತ್ತಿಕೊಳ್ಳುತ್ತಾ ಹೇಳಿದರು:

“ಎಲ್ಲರೂ ಕ್ಷೇಮ ಅಂತ ಹೇಳಿ ಸಾರ್.”

ಮತ್ತೆ ಫೋನಿಗೆ ಬಾಯಿಕೊಟ್ಟು, “ಹಲೋ, ಹೇಳಿ. ಹೌದು... ನಾಳೆ ಎಷ್ಟು ಗಂಟೆಗೆ ನೀವು ಮನೇಲಿರ್ತೀರಿ?... ಅಯ್ಯೋ ಹಾಗಲ್ಲಮ್ಮಾ, ಹೆದರಬೇಡಿ, ಬರೋದು ನಲ್ಲಿ ನೋಡೋದಕ್ಕೆ. ನಲ್ಲಿ ಮಾತ್ರ!” ಎಂದರು.